ಶುಕ್ರವಾರದ ರಜೆ, ಶನಿವಾರದ ಹಬ್ಬ

ಪ್ರತಿ ಜನವರಿಯಲ್ಲಿ ನಮ್ಮ ಶಾಲೆಯ ಆಫೀಸು ಕೋಣೆಯ ಗೋಡೆಗೆ ಒಂದು ಕಾಗದ ಅಂಟಿಸುತ್ತಿದ್ದರು, ಆ ವರ್ಷದ ಸರ್ಕಾರಿ ರಜೆಗಳ ಪಟ್ಟಿ. ಆದೋನಿ ಬಳ್ಳಾರಿ ಜಿಲ್ಲೆಯಲ್ಲಿದ್ದಷ್ಟು ದಿನ ಅದು ಬಳ್ಳಾರಿಯಿಂದ ಬರುತ್ತಿತ್ತು. ನಮ್ಮನ್ನು ಆಂಧ್ರಕ್ಕೆ ಸೇರಿಸಿದ ಮೇಲೆ ಕರ್ನೂಲಿನಿಂದ ಬರತೊಡಗಿತು. ಸಹಿ ಬದಲಾಯಿತು, ಮೊಹರು ಬದಲಾಯಿತು, ಕೆಳಗಿನ ಒಂದು ಸಾಲು ಮಾತ್ರ ಬದಲಾಗಲಿಲ್ಲ. ರಂಜಾನ್, ಬಕ್ರೀದ್, ಮೊಹರಂ ಇವುಗಳ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಇರುತ್ತಿತ್ತು. ಚಂದ್ರ ಕಾಣಿಸುವುದನ್ನು ನೋಡಿಕೊಂಡು ಈ ರಜೆಗಳ ದಿನ ಬದಲಾಗಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಿತ್ತು.

ಉಳಿದ ಹಬ್ಬಗಳಿಗೆ ಈ ತಾಪತ್ರಯ ಇರಲಿಲ್ಲ. ಕ್ರಿಸ್‌ಮಸ್ಸು ತಾರೀಖು ಹಿಡಿದುಕೊಂಡೇ ಬರುತ್ತಿತ್ತು. ಯುಗಾದಿ, ದೀಪಾವಳಿಗಳಿಗೆ ನಮ್ಮಪ್ಪನಂಥವರು ಇದ್ದರು.

ಅಪ್ಪ ಪಂಚಾಂಗದ ಪಂಡಿತರು. ತಿಥಿ, ನಕ್ಷತ್ರ, ಗ್ರಹಣದ ಸ್ಪರ್ಶಕಾಲ, ಏನು ಕೇಳಿದರೂ ಬೆರಳ ಗೆಣ್ಣು ಎಣಿಸಿ ಹೇಳುತ್ತಿದ್ದರು. ಆಸ್ಪರಿ, ದೇವನಕೊಂಡದ ಕಡೆಯಿಂದ ಲಗ್ನ ಇಡಿಸಲು ಬಂದವರು ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಮ್ಮದು ವೈಷ್ಣವರ ಮನೆ. ಏಕಾದಶಿ ಎಂದರೆ ಅಜ್ಜಿ ಹನಿ ನೀರನ್ನೂ ಗಂಟಲಿಗೆ ಇಳಿಸುತ್ತಿರಲಿಲ್ಲ. ದಶಮಿಯ ಸೋಂಕು ಒಂದಿಷ್ಟು ಇದೆ ಎಂದರೂ ನಾವು ಮರುದಿನ ಉಪವಾಸ ಮಾಡುತ್ತಿದ್ದೆವು. ಪಕ್ಕದ ಸ್ಮಾರ್ತರ ಮನೆಯಲ್ಲಿ ಹಿಂದಿನ ದಿನವೇ ಮುಗಿದಿರುತ್ತಿತ್ತು. ನಾವು ಹಸಿದು ಕೂತಾಗ ಅವರ ಒಗ್ಗರಣೆಯ ವಾಸನೆ ಗೋಡೆ ದಾಟಿ ಬರುತ್ತಿತ್ತು. ಒಂದೇ ಗೋಡೆಯ ಆಚೆ ಈಚೆ ಎರಡು ಏಕಾದಶಿ ಇರುವುದು ನಮಗೆ ವಿಚಿತ್ರ ಅನ್ನಿಸಿದ್ದೇ ಇಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾವು ಮಾಡಿದ ತಪ್ಪನ್ನು ಮಾಡಲು ನಮಗೆ ಯಾವ ನೆಪವೂ ಇರಲಿಲ್ಲ.

ಹದಿನಾರು ತುಂಬುವ ಮೊದಲೇ ನನ್ನ ಗಂಡ ತೀರಿಕೊಂಡ. ತಲೆ ಬೋಳಿಸಬೇಕು, ಕೆಂಪು ಸೀರೆ ಉಡಿಸಬೇಕು ಎಂದು ಅಜ್ಜಿಯೂ ಸೋದರಮಾವಂದಿರೂ ಕೂತರು. ಅಪ್ಪ ಎದ್ದು ನಿಂತು, "ಆಕಿ ಕೂದಲು ಆಕಿದು. ಯಾರೂ ಮುಟ್ಟಬ್ಯಾಡ್ರಿ," ಎಂದರು. ಅಷ್ಟೇ. ಆಮೇಲೆ ನನ್ನನ್ನು ಎಂಟನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಕೂರಿಸಿದರು, ಬಳ್ಳಾರಿಯಲ್ಲಿ ಟೀಚರ್ ಟ್ರೈನಿಂಗಿಗೆ ಬಿಟ್ಟರು, ಎರಡು ವರ್ಷ ನೆಂಟರ ಮದುವೆ ಮುಂಜಿಗಳಿಗೆ ಕರೆಯಿಲ್ಲದೆ ಕಳೆದರು. ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕ ದಿನ, ಮನೆಯಲ್ಲಿ ಸಂಧ್ಯಾವಂದನೆಗೆ ಕೂತ ಅಪ್ಪನ ಕಣ್ಣಲ್ಲಿ ನೀರಿತ್ತು. ಅಂಥ ಅಪ್ಪನ ಮಾತಿಗೆ ಎದುರು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಐವತ್ತರ ದಶಕದ ಕೊನೆಗೆ, ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ಆಗಿದ್ದಾಗ, ಒಬ್ಬಾಕೆ ಸಂಜೆ ಹೊತ್ತು ಶಾಲೆಯ ಜಗುಲಿಗೆ ಬರತೊಡಗಿದಳು. ಜಟಕಾ ಹೊಡೆಯುವವನೊಬ್ಬನ ತಂಗಿ. ಮುಸಲ್ಮಾನರ ಹುಡುಗಿ, ಮದುವೆಯಾದ ಎರಡೇ ವರ್ಷಕ್ಕೆ ಗಂಡ ಸತ್ತು ಅಣ್ಣನ ಮನೆಗೆ ಬಂದವಳು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಸ ಕಾಳು ಆರಿಸುವ ಕೆಲಸ. ಅವಳ ತಾಯಿಯೂ ಅದೇ ಮಿಲ್ಲಿನಲ್ಲಿ ದುಡಿದು, ಆ ಧೂಳಿಗೆ ಎದೆ ಕೆಟ್ಟು, ಮೂರು ವರ್ಷದಿಂದ ಹಾಸಿಗೆಯಲ್ಲಿ ಕೆಮ್ಮುತ್ತಿದ್ದಳು. ಮನೆಯ ಪಕ್ಕದಲ್ಲೇ ಇತ್ತೆಂದು ಇವಳನ್ನು ಕನ್ನಡ ಶಾಲೆಗೆ ಹಾಕಿದ್ದರಂತೆ. ಏಳನೇ ತರಗತಿಯವರೆಗೆ ಓದಿದ್ದಳು.

"ಟೀಚರಕ್ಕಾ, ಎಂಟನೇದು ಪಾಸ್ ಆದ್ರ ನನಗೂ ಟ್ರೈನಿಂಗಿನಾಗ ಸೀಟ್ ಕೊಡ್ತಾರಂತ, ಹೌದಾ?" ಎಂದು ಕೇಳಿದಳು ಮೊದಲ ದಿನ.

ಕೊಡುತ್ತಿದ್ದರು, ವಿಧವೆಯರಿಗೆ ವಯಸ್ಸಿನಲ್ಲಿ ಸ್ವಲ್ಪ ರಿಯಾಯಿತಿಯೂ ಇತ್ತು. ಅವಳ ಹುಟ್ಟಿದ ದಿನ ಲೆಕ್ಕ ಹಾಕಿದೆ. ಆ ವರ್ಷದ ಪರೀಕ್ಷೆ ಪಾಸಾದರೆ ಮಾತ್ರ ಉಂಟು. ಮರುವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಹೇಳಿದೆ. "ಒಂದು ವರ್ಷ ಸಾಕ್ರಿ," ಎಂದಳು.

ಹತ್ತು ತಿಂಗಳು ಬಂದಳು. ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬರುತ್ತಿದ್ದಳು. ಸೆರಗಿನ ತುದಿಯಲ್ಲಿ ಒಂದು ಹಿಡಿ ಹತ್ತಿಕಾಳು ಕಟ್ಟಿರುತ್ತಿದ್ದಳು. ಭಿನ್ನರಾಶಿ ತಿಳಿಯದಿದ್ದರೆ ಅದನ್ನು ನೆಲಕ್ಕೆ ಸುರಿದು, ಕಾಲು, ಅರೆ, ಮುಕ್ಕಾಲು ಎಂದು ಗುಂಪು ಮಾಡಿ ತಾನೇ ದಾರಿ ಹುಡುಕುತ್ತಿದ್ದಳು. ಗಣಿತದಲ್ಲಿ ಅವಳಷ್ಟು ಚುರುಕಾದ ವಿದ್ಯಾರ್ಥಿನಿ ನನಗೆ ಆಮೇಲೂ ಸಿಕ್ಕಲಿಲ್ಲ. ನಾನು ತಪ್ಪು ಮಾಡಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನನಗೆ ಅವಳೆಂದರೆ ಬಹಳ ಪ್ರೀತಿ ಇತ್ತು. ಹೀಗೆ ಹೇಳಿಕೊಳ್ಳುವ ಹಕ್ಕು ನನಗೆ ಉಳಿದಿಲ್ಲ, ಆದರೂ ಇತ್ತು.

ಆ ವರ್ಷ ಯುಗಾದಿಯೂ ರಂಜಾನೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದವು, ಅದೂ ಪರೀಕ್ಷೆಯ ವಾರದಲ್ಲಿ. ಪರೀಕ್ಷೆ ಮಂಗಳವಾರ, ಬುಧವಾರ. ಗುರುವಾರ ಯುಗಾದಿಯ ರಜೆ. ಶುಕ್ರವಾರ ರಂಜಾನ್ ರಜೆ, ನಕ್ಷತ್ರದ ಗುರುತಿನದು. ಶನಿವಾರ ಗಣಿತ. ಇದಕ್ಕೆ ತಿಂಗಳು ಮೊದಲೇ ಮೇಲಿನಿಂದ ಒಂದು ಮೆಮೋ ಬಂತು. ನಿಮ್ಮ ಊರಲ್ಲಿ ರಂಜಾನ್ ಯಾವ ದಿನ? ಖಚಿತವಿದ್ದರೆ ಆ ದಿನ ಬರೆಯಿರಿ. ಅನುಮಾನವಿದ್ದರೆ ಎರಡೂ ದಿನ ಬರೆಯಿರಿ. ಎರಡು ದಿನ ಬರೆದ ಕೇಂದ್ರಗಳಲ್ಲಿ ಶನಿವಾರದ ಪರೀಕ್ಷೆಯನ್ನು ಬೇರೆ ಪ್ರಶ್ನೆಪತ್ರಿಕೆಯಿಂದ ಸೋಮವಾರ ನಡೆಸಲಾಗುವುದು. ಸರ್ಕಾರವನ್ನು ಬೈಯುವುದು ಸುಲಭ, ಆದರೆ ಆ ಮೆಮೋ ಬರೆದವನಿಗೆ ಬುದ್ಧಿ ಇತ್ತು.

ಕೇಳಿಕೊಂಡು ಬಾ ಎಂದು ಹೆಡ್ಮಿಸ್ಟ್ರೆಸ್ ನನಗೆ ಹೇಳಿದರು. ನಾನು ಶಾಲೆಯ ಆಯಾಳನ್ನು ಜೊತೆಗೆ ಕರೆದುಕೊಂಡು ಮಸೀದಿಯ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಗಡ್ಡ ಸವರಿಕೊಂಡು, "ಚಾಂದ್ ಕಂಡ್ರ ಶುಕ್ರವಾರ, ಕಾಣಲಿಲ್ಲಂದ್ರ ಶನಿವಾರ. ಎರಡೂ ಬರಕೋ ತಾಯಿ. ಕಣ್ಣಿಲೆ ಕಾಣೋತನಕ ನಮ್ಮ ಕೈಯಾಗ ಏನೂ ಇಲ್ಲ," ಎಂದರು. ಇದಕ್ಕಿಂತ ಸ್ಪಷ್ಟವಾಗಿ ಇನ್ನಾರು ಹೇಳಬೇಕಿತ್ತು?

ಸಂಜೆ ಮನೆಯಲ್ಲಿ ಈ ಮಾತು ಬಂತು. ಅಪ್ಪ ನಕ್ಕರು. ಪಂಚಾಂಗ ತೆಗೆದು, ಚಂದ್ರದರ್ಶನ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟರು.

"ಗುರುವಾರ ಸಂಜಿ ಚಂದ್ರ ಕಾಣ್ತಾನ. ಘಳಿಗಿ ಸಹಿತ ಲೆಕ್ಕ ಅದ. ಶುಕ್ರವಾರ ಅವರ ಹಬ್ಬ. ಇದರಾಗ ಎರಡು ದಿನ ಎಲ್ಲಿಂದ ಬಂತು?"

"ಅವರು ಕಣ್ಣಿಲೆ ನೋಡಬೇಕಂತಾರ, ಅಪ್ಪಾ."

"ನೋಡ್ಲಿ, ಬ್ಯಾಡ ಅಂದವರ್ಯಾರು? ನೋಡಿದ್ರೂ ಅವತ್ತೇ ಕಾಣ್ತಾನ. ನನ್ನ ಮಗಳು ಬರಿಯೋ ಕಾಗದದಾಗ ಅನುಮಾನ ಅಂತ ಯಾಕ ಇರಬೇಕು?"

ಮರುದಿನ ಹೆಡ್ಮಿಸ್ಟ್ರೆಸ್ಸಿಗೆ ಎರಡೂ ಮಾತು ಹೇಳಿದೆ. ಅವರು ಗುಂಟೂರು ಕಡೆಯವರು, ಪರೀಕ್ಷೆ ಮುಗಿದ ದಿನವೇ ಊರಿನ ರೈಲು ಹತ್ತುವ ಆತುರ. "ಮೀ ನಾನ್ನಗಾರು ಚೆಪ್ಪಾರು ಕದಾ, ಇಂಕೇಮಿ?" ಎಂದರು. ನಿಮ್ಮ ತಂದೆಯವರೇ ಹೇಳಿದ ಮೇಲೆ ಇನ್ನೇನು ಎಂದು. ಫಾರಂ ನನ್ನ ಮುಂದೆ ತಳ್ಳಿದರು. ನಾನು ಶುಕ್ರವಾರ ಎಂದು ಬರೆದೆ. ಪಕ್ಕದಲ್ಲಿ, ಖಚಿತ ಎಂದು ಬರೆದೆ. ಅವರು ಸಹಿ ಹಾಕಿದರು.

ಆಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ತಲೆ ಬೋಳಿಸಬೇಕಾಗಿದ್ದ ಹುಡುಗಿಯ ಅಕ್ಷರ, ಊರಿನವರು ಹಿಂದಿನಿಂದ ಆಡಿಕೊಂಡ ನಮ್ಮಪ್ಪನ ಲೆಕ್ಕ, ಎರಡೂ ಸೇರಿ ಸರ್ಕಾರದ ಕಾಗದದಲ್ಲಿ ಕರ್ನೂಲಿಗೆ ಹೋಗುತ್ತಿವೆ ಎಂದು. ಅವಳ ನೆನಪು ಬರಲಿಲ್ಲವೇ ಎಂದರೆ ಬಂದಿತ್ತು. ನಮ್ಮ ಕೇಂದ್ರದಲ್ಲಿ ಪರೀಕ್ಷೆಗೆ ಕೂತ ಮುಸಲ್ಮಾನರವಳು ಅವಳೊಬ್ಬಳೇ. ಅಪ್ಪನ ಲೆಕ್ಕ ತಪ್ಪುವುದಿಲ್ಲ ಎಂದು ಆ ನೆನಪನ್ನು ಬದಿಗೆ ಸರಿಸಿದೆ.

ಮಂಗಳವಾರ, ಬುಧವಾರ ಅವಳು ಉಪವಾಸದ ಬಾಯಿಯಲ್ಲೇ ಬಂದು ಪರೀಕ್ಷೆ ಬರೆದಳು. ಏಪ್ರಿಲ್ ಬಿಸಿಲು, ತುಟಿ ಒಣಗಿ ಬಿರಿದಿದ್ದವು. ಬುಧವಾರ ಹೊರಗೆ ಬಂದು, "ಇನ್ನ ಲೆಕ್ಕದ್ದೊಂದೇ ಐತಿ, ಅದು ನಂದೇ ಬಿಡ್ರಿ," ಎಂದಳು.

ಯುಗಾದಿಯ ದಿನ ಬೆಳಿಗ್ಗೆ ಅಪ್ಪ ಗುಡಿಯಲ್ಲಿ ಹೊಸ ಪಂಚಾಂಗ ಓದಿದರು. ಮಳೆ ಎಷ್ಟು, ಬೆಳೆ ಎಷ್ಟು ಎಂದೆಲ್ಲ ಹೇಳಿ ಕೊನೆಗೆ, ನಾಳೆ ಮುಸಲ್ಮಾನರ ರಂಜಾನು ಎಂದೂ ಹೇಳಿದರು. ಸಂಜೆ ಎಲ್ಲರೂ ಮಾಳಿಗೆ ಹತ್ತಿದೆವು. ಬೇವುಬೆಲ್ಲ ತಿಂದು ಸಂಜೆ ಹೊಸ ಚಂದ್ರನನ್ನು ನೋಡುವುದು ನಮ್ಮ ಪದ್ಧತಿ. ಎರಡು ಓಣಿಯಾಚೆಯ ಮಾಳಿಗೆಗಳ ಮೇಲೆ ಮುಸಲ್ಮಾನರೂ ನಿಂತಿದ್ದರು, ಹೆಂಗಸರು, ಮಕ್ಕಳು, ಮುದುಕರು. ಆ ಊರಲ್ಲಿ ಹಾಗೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ನಿಂತಿದ್ದನ್ನು ನಾನು ಮತ್ತೆ ನೋಡಿಲ್ಲ.

ಐದು ಗಂಟೆಗೆ ಗಾಳಿ ಎದ್ದಿತ್ತು. ಉತ್ತ ಹೊಲಗಳ ಧೂಳೆಲ್ಲ ಮೇಲೆ ಹೋಗಿ, ಪಡುವಣದ ಗುಡ್ಡದ ಮೇಲೆ ಮೋಡವೂ ಕೂಡಿ, ಸೂರ್ಯ ಮುಳುಗಿದ್ದೇ ತಿಳಿಯಲಿಲ್ಲ. ನಾವು ಕಣ್ಣು ಕಿರಿದು ಮಾಡಿ ನೋಡಿದೆವು. ಅವರೂ ನೋಡಿದರು. ಕತ್ತಲಾಯಿತು. ಆಚೆಯ ಮಾಳಿಗೆಗಳಿಂದ ಜನ ಸದ್ದಿಲ್ಲದೆ ಇಳಿದುಹೋದರು.

"ಅಲ್ಲೇ ಇದ್ದಾನ, ಮೋಡದ ಹಿಂದ," ಎಂದರು ಅಪ್ಪ.

ಇದ್ದ, ನಿಜ. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಶುಕ್ರವಾರ ಬೆಳಗಾಗುತ್ತಲೇ ಹೆಡ್ಮಿಸ್ಟ್ರೆಸ್ ಮನೆಗೆ ಓಡಿದೆ. ನಾಳೆ ಅವರ ಹಬ್ಬ, ಪರೀಕ್ಷೆ ಮುಂದಕ್ಕೆ ಹಾಕಿಸಬೇಕು ಎಂದೆ. ಪ್ರಶ್ನೆಪತ್ರಿಕೆ ಮೊಹರು ಹಾಕಿ ಬಂದಿದೆ, ಕರ್ನೂಲಿನಿಂದಲೇ ಹೇಳಬೇಕು ಎಂದರು. ತಂತಿ ಕೊಡೋಣ ಎಂದೆ. ಅವರು ನನ್ನ ಮುಖ ನೋಡಿ, ಇವತ್ತು ಆಫೀಸಿನಲ್ಲಿ ಯಾರಿರುತ್ತಾರೆ ಎಂದರು. ಆಫೀಸಿಗೆ ರಜೆ. ರಂಜಾನ್ ರಜೆ. ದಾರಿಯುದ್ದಕ್ಕೂ ಮುಸಲ್ಮಾನರ ಅಂಗಡಿಗಳು ತೆರೆದಿದ್ದವು. ಅವರು ಉಗುಳು ನುಂಗದೆ ಮೂವತ್ತನೆಯ ಉಪವಾಸ ಮಾಡುತ್ತ ಕೂತಿದ್ದರು. ಶಾಲೆ, ಕಚೇರಿ, ಖಜಾನೆ ಎಲ್ಲ ಅವರ ಹೆಸರಿನಲ್ಲಿ ಬೀಗ ಹಾಕಿಕೊಂಡಿದ್ದವು. ಆ ದಿನ ಊರಲ್ಲಿ ಹಬ್ಬ ಮಾಡಿದವರೆಂದರೆ ನಮ್ಮ ಗುಮಾಸ್ತರು ಮಾತ್ರ.

ಆಯಾಳ ಕೈಯಲ್ಲಿ ಅವಳಿಗೆ ಹೇಳಿಕಳಿಸಿದೆ: ಏನಾದರಾಗಲಿ, ಹತ್ತು ಗಂಟೆಗೆ ಬಾ. ಬರುತ್ತೇನೆ, ಅಣ್ಣ ಗಾಡಿಯಲ್ಲಿ ಬಿಡುತ್ತಾನೆ ಎಂದು ಉತ್ತರ ಬಂತು. ಆ ರಾತ್ರಿ ಒಂದಿಷ್ಟು ಸಮಾಧಾನದಿಂದ ಮಲಗಿದೆ.

ನಮ್ಮ ಶಾಲೆಯಲ್ಲಿ ಜಾಗ ಸಾಲದೆ ಹೆಣ್ಣುಮಕ್ಕಳ ಪರೀಕ್ಷಾ ಕೇಂದ್ರವನ್ನು ಗಂಡುಹುಡುಗರ ದೊಡ್ಡ ಶಾಲೆಯಲ್ಲಿ ಇಟ್ಟಿದ್ದರು, ಊರಿನಿಂದ ಹೋಗುವಾಗ ಈದ್ಗಾ ದಾಟಿದ ಮೇಲೆ. ಶನಿವಾರ ನಾನೂ ಹೆಡ್ಮಿಸ್ಟ್ರೆಸ್ಸೂ ಎಂಟೂವರೆಗೇ ಆ ದಾರಿ ಹಿಡಿದಿದ್ದೆವು. ಆಗಲೇ ಬಿಳಿ ಬಟ್ಟೆಯ ಜನ ಅತ್ತರಿನ ವಾಸನೆಯೊಂದಿಗೆ ಗುಂಪುಗುಂಪಾಗಿ ಬರುತ್ತಿದ್ದರು. ಹತ್ತಕ್ಕೆ ಗಂಟೆ ಹೊಡೆದರು. ಅವಳ ಡೆಸ್ಕು ಖಾಲಿ. ಅರ್ಧ ಗಂಟೆಯ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂಬುದು ನಿಯಮ. ನಾನು ಬಾಗಿಲಿನ ಹತ್ತಿರವೇ ಮೇಲ್ವಿಚಾರಣೆಗೆ ನಿಂತಿದ್ದೆ. ಹತ್ತೂವರೆಗೆ ಜವಾನ ಗೇಟು ಎಳೆದು ಚಿಲಕ ಹಾಕಿದ.

ಹತ್ತು ಮುಕ್ಕಾಲಿಗೆ ಜಟಕಾ ಬಂತು. ಕುದುರೆಯ ಬಾಯಲ್ಲಿ ನೊರೆ ಇತ್ತು. ಅವಳು ಗಾಡಿ ನಿಲ್ಲುವ ಮೊದಲೇ ಹಾರಿ, ಹೊಸ ಸೀರೆಯ ಅಂಚು ಕಾಲಿಗೆ ಸಿಕ್ಕಿ ಎಡವಿ, ಗೇಟಿನ ಸರಳು ಹಿಡಿದಳು. ಕೂಗಲಿಲ್ಲ. "ಟೀಚರಕ್ಕಾ," ಎಂದು ಮೆಲ್ಲಗೆ ಕರೆದಳು.

ನಾನೂ ಹೆಡ್ಮಿಸ್ಟ್ರೆಸ್ಸೂ ಗೇಟಿಗೆ ಹೋದೆವು. ಮುಖ್ಯ ಮೇಲ್ವಿಚಾರಕರು ಹೊರಗೆ ಬಂದರು. ಬೇರೆ ಊರಿನವರು, ನಡುವಯಸ್ಸು, ಕೆಟ್ಟ ಮನುಷ್ಯರಲ್ಲ. ವಿಷಯ ಕೇಳಿ, ಫೈಲಿನಿಂದ ನಮ್ಮ ಫಾರಂ ತೆಗೆದರು. ಶುಕ್ರವಾರ, ಖಚಿತ. ಆಮೇಲೆ ನಮ್ಮಿಬ್ಬರನ್ನು ಅವಳಿಗೆ ಕೇಳಿಸದಷ್ಟು ಈಚೆಗೆ ಕರೆದು ತೆಲುಗಿನಲ್ಲಿ ಹೇಳಿದರು, ಒಂದೊಂದು ಮಾತೂ ನನಗೆ ನೆನಪಿದೆ: ಹಬ್ಬದ ದಿನ ಅನುಮಾನವಿತ್ತು, ನಾವು ತಪ್ಪಾಗಿ ಖಚಿತವೆಂದು ಬರೆದೆವು ಎಂದು ನಿಮ್ಮ ಶಾಲೆಯವರು ಎರಡು ಸಾಲು ಬರೆದುಕೊಡಿ. ಅದನ್ನಿಟ್ಟುಕೊಂಡು ನನ್ನ ಜವಾಬ್ದಾರಿಯಲ್ಲಿ ಒಳಗೆ ಬಿಡುತ್ತೇನೆ. ಇಲ್ಲದಿದ್ದರೆ ಆಗುವುದಿಲ್ಲ.

ಎರಡು ಸಾಲು. ಪೆನ್ನು ನನ್ನ ಕೈಯಲ್ಲೇ ಇತ್ತು.

ಹೆಡ್ಮಿಸ್ಟ್ರೆಸ್ ನನ್ನನ್ನು ನೋಡಿದರು. ಸಹಿ ಅವರದು, ಅಕ್ಷರ ನನ್ನದು. ಅನುಮಾನವಿದೆ ಎಂದು ಮಸೀದಿಯವರು ಹೇಳಿದ್ದು ನನಗೆ, ಅದನ್ನು ಕೇಳಿಯೂ ಯಾರ ಮಾತಿನ ಮೇಲೆ ಖಚಿತವೆಂದು ಬರೆದೆ ಎಂದರೆ ಅಪ್ಪನ ಹೆಸರು ಹೇಳಬೇಕು. ಹೆಣ್ಣುಮಗಳನ್ನು ಓದಿಸಿ ಕೆಟ್ಟರು ಎನ್ನಲು ಕಾದುಕೂತ ನೆಂಟರು, ಪಂಡಿತರ ಪಂಚಾಂಗದಿಂದ ಪರೀಕ್ಷೆ ಕೆಟ್ಟಿತಂತೆ ಎಂದು ಓಣಿ ಓಣಿಯಲ್ಲಿ ನಗುವುದು ಕಿವಿಗೆ ಕೇಳಿಸಿತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇದೆಲ್ಲ ಕಾರಣ. ಕಾರಣ ಬೇಕಾದಷ್ಟಿದ್ದವು.

ನಾನು ತಲೆ ತಗ್ಗಿಸಿದೆ. ಹೆಡ್ಮಿಸ್ಟ್ರೆಸ್ಸೂ ಬರೆಯಲು ಕಾಗದ ಕೇಳಲಿಲ್ಲ. ಮೇಲ್ವಿಚಾರಕರು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ಫಾರಂ ಮಡಿಸಿ ಒಳಗೆ ಹೋದರು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅಳುವುದಕ್ಕೆ ಯಾರಿಗೂ ಏನೂ ಬರೆದುಕೊಡಬೇಕಾಗಿರಲಿಲ್ಲ.

ಉರ್ದು ಶಾಲೆಯ ಕೇಂದ್ರದವರು ಎರಡೂ ದಿನ ಬರೆದುಕೊಟ್ಟಿದ್ದರು. ಅಲ್ಲಿಯ ಮಕ್ಕಳು ಹಬ್ಬ ಮುಗಿಸಿ, ಸೋಮವಾರ ಆರಾಮವಾಗಿ ಗಣಿತ ಬರೆದರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಮುಂದಿದ್ದ ಪಂಚಾಂಗ ಮುಚ್ಚಿಟ್ಟರು. ಆಮೇಲೆ, "ನೀ ಬರದುಕೊಡಬೇಕಾಗಿತ್ತು," ಎಂದರು. "ನನ್ನ ಹೆಸರು ಹೋಗಿದ್ರ ಹೋಗ್ತಿತ್ತು. ನಿನ್ನ ಕೂದಲಿಗೋಸ್ಕರ ಒಮ್ಮೆ ಕಳಕೊಂಡಿದ್ದೇ ಅಲ್ಲೇನು?" ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ. ಸಾಯುವವರೆಗೆ ಇನ್ನು ಯಾರಿಗೂ ಅನ್ಯರ ಹಬ್ಬದ ದಿನ ಹೇಳಲಿಲ್ಲ. ಕೇಳಿದವರಿಗೆ, ಅವರನ್ನೇ ಕೇಳ್ರಿ ಎನ್ನುತ್ತಿದ್ದರು. ಯಾರ ಮಾನ ಉಳಿಸಲೆಂದು ನಾನು ಬಾಯಿ ಮುಚ್ಚಿದ್ದೆನೋ ಅವರಿಗೇ ಅದು ಬೇಕಿರಲಿಲ್ಲ.

ಫಲಿತಾಂಶದಲ್ಲಿ ಅವಳ ನಂಬರು ಇರಲಿಲ್ಲ. ಟ್ರೈನಿಂಗಿನ ಮಾತು ಅಲ್ಲಿಗೆ ಮುಗಿಯಿತು. ಅವಳು ಮಿಲ್ಲಿನಲ್ಲೇ ಉಳಿದಳು. ನಲವತ್ತರೊಳಗೆ, ತಾಯಿಯ ಹಾಗೆಯೇ ಕೆಮ್ಮಿ ಕೆಮ್ಮಿ ಸತ್ತಳೆಂದು ಬಹಳ ವರ್ಷದ ಮೇಲೆ ತಿಳಿಯಿತು.

ಆದರೆ ಅದಕ್ಕೂ ಮೊದಲು, ಆ ವರ್ಷದ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ, ಅವಳು ಅಣ್ಣನ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಕರೆದುಕೊಂಡು ಬಂದಿದ್ದಳು. ಹುಬ್ಬಿನಲ್ಲಿ ಹತ್ತಿಯ ಎಳೆ ಇತ್ತು. ಮಗುವಿನ ಹೆಸರು ಬರೆದುಕೊಳ್ಳುತ್ತ, ತಲೆ ಎತ್ತದೆ, ಅವತ್ತು ಅಷ್ಟು ತಡ ಯಾಕಾಯಿತು ಎಂದು ಕೇಳಿದೆ.

"ಅವ್ವಗ ಹಬ್ಬದ ನೀರು ಎರದು ಮಲಗಿಸೋದ್ರಾಗ ಒಂಬತ್ತಾತ್ರಿ," ಎಂದಳು. "ಈದ್ಗಾದ ಹತ್ರ ಬಂದ್ರ ರಸ್ತಾ ತುಂಬ ಜನ ಸಾಲಾಗಿ ನಮಾಜಿಗೆ ನಿಂತುಬಿಟ್ಟಾರ. ಗಾಡಿ ಹೋಗಂಗಿಲ್ಲ. ಗಂಡಸರ ನಡುವ ದಾಟಿ ನಾ ಹೆಂಗ ನಡಕೊಂಡು ಹೋಗ್ಲಿ? ಎಲ್ಲಾರೂ ಬಗ್ಗಿದ್ರು. ನಮ್ಮಣ್ಣ ಒಬ್ಬನೇ ಲಗಾಮು ಹಿಡಕೊಂಡು ನಿಂತಿದ್ದ. ಇಳದು ನಮಾಜ್ ಮಾಡಿ ಬಾ ಅಣ್ಣಾ ಅಂದೆ. ದಾರಿ ಬಿಟ್ಟ ಕೂಡ್ಲೆ ಹೊಡೀಬೇಕು, ನಮಾಜ್ ಮುಂದಿನ ಈದಿಗೂ ಐತಿ, ನಿನ್ನ ಪರೀಕ್ಷಾ ಇಲ್ಲ ಅಂದ. ಅಷ್ಟು ಜನದಾಗ ನಮಾಜ್ ಮಾಡದವ ಅಂವ ಒಬ್ಬನ. ಜನ ಇನ್ನೂ ಅಂತಾರ್ರಿ ಅಂವಗ."

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಈಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಮತ್ತು ಆ ಮಗು.

"ಅವತ್ತು ನನಗೋಸ್ಕರ ಅತ್ತವರು ನೀವೊಬ್ಬರ ನೋಡ್ರಿ, ಟೀಚರಕ್ಕಾ," ಎಂದಳು ಅವಳು. "ಯಾರ ತಪ್ಪಂತ ಅನ್ನೂಣು? ಮೋಡಾತು, ಚಾಂದ್ ಕಾಣಲಿಲ್ಲ. ಹೌದಲ್ರಿ?"

"ಹೌದು," ಎಂದೆ.

ಮಗುವಿನ ಹುಟ್ಟಿದ ದಿನ ಕೇಳಿದೆ. ಎರಡು ದಿನ ಹೇಳಿದಳು, ಇದೋ ಅದೋ ಸರಿಯಾಗಿ ಗೊತ್ತಿಲ್ಲ ಎಂದಳು. ರಿಜಿಸ್ಟರಿನಲ್ಲಿ ಒಂದೇ ದಿನಕ್ಕೆ ಜಾಗವಿತ್ತು. ಮುಂದೆ ಯಾವ ಪರೀಕ್ಷೆಗೂ ವಯಸ್ಸು ಮೀರದಿರಲಿ ಎಂದು, ತಡವಾದದ್ದನ್ನು ಆರಿಸಿ ಬರೆದೆ.